ವಾಂತಿಯ ಭಯಕ್ಕೆ ಯಾರನ್ನೂ ಬಿಟ್ಟುಹೋಗಬೇಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಧರ್ಮಸ್ಥಳ, ಉಡುಪಿ ಪ್ರವಾಸದ ಮಾತು ಬರುತ್ತದೆ. ಉಡುಪಿಗೆ ಹೋದವರು ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿಬರುತ್ತಾರೆ. ಲಾವಾರಸ ಆರಿ ಕಂಬ ಕಂಬವಾಗಿ ನಿಂತ ಬಂಡೆಗಳ ದ್ವೀಪ ಅದು. ದೊಡ್ಡ ಹಡಗಿನ ವಿಹಾರಕ್ಕೆ ದುಡ್ಡು ಸುರಿಯಲಾಗದ ಬಯಲುಸೀಮೆಯ ಸಂಸಾರಕ್ಕೆ ಇದೇ ಸಮುದ್ರಯಾನ.

ಆದರೆ ಎಷ್ಟೋ ಮನೆಗಳಲ್ಲಿ ಒಬ್ಬರು, "ನಾನು ಬರಲ್ಲ, ಘಾಟಿಯಲ್ಲೇ ವಾಂತಿ ಆಗುತ್ತೆ" ಎಂದು ಹಿಂದೆ ಉಳಿಯುತ್ತಾರೆ. ಅದು ಅಂಜುಬುರುಕುತನವಲ್ಲ. ಒಳಗಿವಿಯ ನಾಳಗಳಲ್ಲಿರುವ ದ್ರವ ಮೈ ಅಲುಗಿದ್ದನ್ನು ಮಿದುಳಿಗೆ ತಿಳಿಸುತ್ತದೆ. ಎದುರಿನ ಸೀಟನ್ನೋ ಮೊಬೈಲನ್ನೋ ನೋಡುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ತಕರಾರಿನಿಂದಲೇ ಹೊಟ್ಟೆ ತೊಳಸುವುದು. 1831ರಲ್ಲಿ ಬೀಗಲ್ ಹಡಗು ಹತ್ತಿದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಕೂಡ ಇದರಿಂದ ಬಹಳ ನರಳಿದರು. ಆದರೂ ಯಾನ ಬಿಡಲಿಲ್ಲ. 1836ರಲ್ಲೇ ಊರಿಗೆ ಮರಳಿದರು.

ವಾಂತಿಯ ಭಯ ಇರುವವರಿಗೆ ಹೊರಡುವ ಮುಂಚೆ ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ. ಬಸ್ಸಿನಲ್ಲಿ ಮುಂದಿನ ಸೀಟು, ದೋಣಿಯಲ್ಲಿ ನಡುಭಾಗ ಅವರಿಗಿರಲಿ. ಮೊಬೈಲ್ ಒಳಗಿಟ್ಟು ದೂರದ ದಿಗಂತ ನೋಡಲಿ. ಬಾಯಲ್ಲಿ ಒಂದು ಚೂರು ಶುಂಠಿ ಇರಲಿ. ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ನುಂಗಬೇಕು.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ. ಅದು ಕಳೆದ ಮೇಲೆ ಹೊರಡಿ. ತೋಟ, ಕೊಟ್ಟಿಗೆ, ಒಲೆ ಎಂದು ದುಡಿದ ಅಮ್ಮನಿಗೂ ಅಜ್ಜಿಗೂ ಸಮುದ್ರ ನೋಡುವ ಹಕ್ಕಿದೆ. ಈ ಸಲ ಮೊದಲ ಸೀಟು ಅವರಿಗೇ ಹಿಡಿಯಿರಿ.