ಅಡ್ವಾನ್ಸ್ ಯಾರ ದುಡ್ಡು?



ಕೊರೊನಾ ಬಂದು 2020ರ ಮಾರ್ಚ್ 25ರಂದು ದೇಶಕ್ಕೇ ಬೀಗ ಬಿತ್ತು. ಯಶವಂತಪುರದ ಆಟೋ ಚಾಲಕರಿಗೆ, ಹೆಬ್ಬಾಳದ ಗಾರೆ ಕೆಲಸದವರಿಗೆ ದುಡಿಮೆ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಕಾರ್ಮಿಕರನ್ನು ಒಂದು ತಿಂಗಳು ಬಾಡಿಗೆ ಕೇಳಬಾರದು, ಮನೆ ಬಿಡಿಸಬಾರದು ಎಂದು ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಸರಿ. ಆದರೆ ಬಾಡಿಗೆಯನ್ನೇ ನಂಬಿ ಔಷಧಿ ಕೊಳ್ಳುವ ಯಲಹಂಕದ ಅಜ್ಜಿ ಏನು ಮಾಡಬೇಕು? ಅದನ್ನು ಆದೇಶ ಹೇಳಲಿಲ್ಲ.

ದಾರಿ ನಮ್ಮ ಊರಿನ ರೂಢಿಯಲ್ಲೇ ಇದೆ. ಐದೋ ಹತ್ತೋ ತಿಂಗಳ ಅಡ್ವಾನ್ಸ್ ಎಣಿಸಿಯೇ ಬೆಂಗಳೂರಲ್ಲಿ ಮನೆ ಹಿಡಿಯುತ್ತೇವೆ. ಅದು ಬಾಡಿಗೆದಾರರ ದುಡ್ಡು. ಕಷ್ಟ ಬಂದಾಗ ಕೈಲಾದಷ್ಟು ನಗದು ಕೊಡಿ. ಉಳಿದದ್ದನ್ನು ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ. ಅಜ್ಜಿಯ ಔಷಧಿ ನಿಲ್ಲದು, ಯಾರ ಸಾಮಾನೂ ಬೀದಿಗೆ ಬೀಳದು. ಈ ಮಾತನ್ನು ಕರಾರಿನಲ್ಲಿ ಮೊದಲೇ ಬರೆಸಿ. ಇಬ್ಬರೂ ಓದಬಲ್ಲ ಕನ್ನಡದಲ್ಲಿ ಬರೆಸಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ.