ಮರದ ಬಲವನ್ನು ಕರಗಿಸುವ ಶಿಲೀಂಧ್ರ



ವಿಜ್ಞಾನದ ಯಾವುದಾದರೊಂದು ವಿಷಯವನ್ನು ಸಾಮಾನ್ಯ ಜನರೂ ಕೇಳಿ ತಿಳಿಯುವಂತೆ ಕನ್ನಡದಲ್ಲಿ ಹೇಳಿಸಬೇಕೆಂಬುದು ಈ ಉಪನ್ಯಾಸದತ್ತಿಯನ್ನು ಸ್ಥಾಪಿಸಿದ ಮಹನೀಯರ ಅಪೇಕ್ಷೆಯಾದುದರಿಂದ, ಕಂದುಕೊಳೆ ಎಂಬ ಕಾಷ್ಠನಾಶದ ವಿಚಾರವನ್ನು ಇಂದು ಆಯ್ದುಕೊಂಡಿದ್ದೇನೆ. ಗೆದ್ದಲಿನ ಉಪದ್ರವವನ್ನು ಚೆನ್ನಾಗಿ ಬಲ್ಲ ನಮ್ಮ ಜನ ಈ ಎರಡನೆಯ ಶತ್ರುವನ್ನು ಅಷ್ಟಾಗಿ ಗಣಿಸಿದವರಲ್ಲ. ಸೋರುವ ಮಾಡಿನ ಕೆಳಗಿನ ತೊಲೆಯೋ ಪಕಾಸೋ ಕುಂಬಾಯಿತೆಂದರೆ, ಅದು ವಯಸ್ಸಿನ ದೋಷವೆಂದು ಬಗೆದು, ಬೇರೊಂದನ್ನು ಹಾಕಿಸಿ ಸುಮ್ಮನಾಗುತ್ತಾರೆ. ಮರವನ್ನು ಕೊಳೆಯಿಸುವುದು ವಯಸ್ಸಲ್ಲ, ಶಿಲೀಂಧ್ರಗಳು. ತೇವಾಂಶ ಶೇಕಡಾ 20ಕ್ಕಿಂತ ಕೆಳಗಿರುವ ಮರದಲ್ಲಿ ಈ ಶಿಲೀಂಧ್ರಗಳು ಬೆಳೆಯಲಾರವು. ಅದು ಶೇಕಡಾ 30ರ ಆಸುಪಾಸನ್ನು ದಾಟಿತೆಂದರೆ ಅವಕ್ಕೆ ಸುಭಿಕ್ಷ.

ರಸಾಯನದೃಷ್ಟಿಯಿಂದ ಮರವು ಮೂರು ದ್ರವ್ಯಗಳ ಸಂಘಾತ: ಎಳೆಯಾಗಿ ನಿಂತು ಬಲವನ್ನು ಕೊಡುವ, ಶೇಕಡಾ 40ರಿಂದ 45ರಷ್ಟಿರುವ ಸೆಲ್ಯುಲೋಸು, ಅದನ್ನು ಸುತ್ತುವರಿದ ಹೆಮಿಸೆಲ್ಯುಲೋಸು, ಇವೆರಡನ್ನೂ ಬಿಗಿದು ಹಿಡಿಯುವ ಲಿಗ್ನಿನ್. ಬಿಳಿಕೊಳೆಯ ಶಿಲೀಂಧ್ರಗಳು ಮೂರನ್ನೂ ಭಕ್ಷಿಸುವುವು. ಕಂದುಕೊಳೆಯವು ಮೊದಲಿನೆರಡನ್ನು ಸೂರೆಗೊಂಡು, ಲಿಗ್ನಿನನ್ನು ಮಾರ್ಪಡಿಸಿ ಬಿಟ್ಟುಹೋಗುವುದರಿಂದ, ಉಳಿದ ಮರವು ಕಂದುಬಣ್ಣಕ್ಕೆ ತಿರುಗಿ, ಒಣಗಿದಾಗ ಉದ್ದಕ್ಕೂ ಅಡ್ಡಕ್ಕೂ ಬಿರಿದು ಚೌಕಚೌಕವಾಗಿ ಕಿತ್ತುಬಂದು, ಬೆರಳಿನ ನಡುವೆ ಹಿಸುಕಿದರೆ ಹುಡಿಯಾಗುತ್ತದೆ. ಪೈನ್, ದೇವದಾರು ಮುಂತಾದ ಸೂಚಿಪರ್ಣಿ ವೃಕ್ಷಗಳಲ್ಲಿ ಇವಕ್ಕೆ ಒಲವು ಹೆಚ್ಚು. ಅಗಲೆಲೆಯ ಮರಗಳಲ್ಲಿ ಸಾಮಾನ್ಯವಾಗಿ ಬಿಳಿಕೊಳೆಯದೇ ಮೇಲುಗೈ.

ರಾಜ್ಯಗಳ ಬೊಕ್ಕಸವನ್ನೂ ಮರದ ಕೊಳೆತವು ಬರಿದುಮಾಡಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ನೌಕಾಪಡೆಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯಲ್ ಪೀಪ್ಸನು, ಹೊಸ ಹಡಗುಗಳ ಒಡಲಲ್ಲಿ ಮುಷ್ಟಿಗಾತ್ರದ ಅಣಬೆಗಳನ್ನು ಸ್ವಹಸ್ತದಿಂದ ಕಿತ್ತುದಾಗಿ ಬರೆದಿಟ್ಟಿರುವನು; 1810ರಲ್ಲಿ ನೀರಿಗಿಳಿದ ‘ಕ್ವೀನ್ ಷಾರ್ಲಟ್’ ಎಂಬ ಮಹಾನೌಕೆಯು ಸಮುದ್ರಯಾನಕ್ಕೆ ಹೊರಡುವ ಮೊದಲೇ ಕೊಳೆತು ದುರಸ್ತಿಗೆ ಬಂದಿತು. ಅದೇ ಕಾಲದಲ್ಲಿ, 1817ರಲ್ಲಿ, ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೋಮಲೀ’ ಇಂದಿಗೂ ತೇಲುತ್ತಿದೆಯೆಂದು ಹೇಳಿಕೊಳ್ಳಲು ನಮಗೆ ಕೊಂಚ ಹೆಮ್ಮೆಯಾದರೆ ತಪ್ಪೇನೂ ಇಲ್ಲ. ತೇಗದ ಚೇಗಿನಲ್ಲಿ ಶಿಲೀಂಧ್ರಕ್ಕೆ ಸೇರದ ಸಹಜದ್ರವ್ಯಗಳುಂಟು.

ಕಂದುಕೊಳೆಯು ಮರವನ್ನು ಹೇಗೆ ಜೀರ್ಣಿಸಿಕೊಳ್ಳುವುದೆಂಬ ಪ್ರಶ್ನೆಯು ವಿದ್ವಾಂಸರನ್ನು ಬಹುಕಾಲ ಕಾಡಿತು. ಕಿಣ್ವಗಳಿಂದಲೇ ಎನ್ನೋಣವೆಂದರೆ, ಕೆಡದ ಮರದ ಕೋಶಭಿತ್ತಿಯ ರಂಧ್ರಗಳು ಕಿಣ್ವದ ಅಣುವಿಗಿಂತ ಕಿರಿದಾದುವು. ಆನೆ ನುಗ್ಗಲಾರದ ಕಂಡಿಯಲ್ಲಿ ಇರುವೆ ನುಗ್ಗುವಂತೆ, ಮೊದಲು ಒಳಹೊಗುವುದು ಇನ್ನಾವುದೋ ಅಲ್ಪಾಣುವೇ ಆಗಿರಬೇಕು. ಸುಳಿವು ದೊರೆತುದು ರಸಾಯನಶಾಸ್ತ್ರದಲ್ಲಿ. ಕೇಂಬ್ರಿಜಿನ ಹೆನ್ರಿ ಫೆಂಟನ್ 1894ರಲ್ಲಿ, ಹೈಡ್ರೊಜನ್ ಪೆರಾಕ್ಸೈಡಿಗೆ ಫೆರಸ್ ಕಬ್ಬಿಣದ ಲವಲೇಶವು ಸೇರಿದರೆ ಟಾರ್ಟಾರಿಕ್ ಆಮ್ಲವು ತೀವ್ರವಾಗಿ ಉತ್ಕರ್ಷಣಗೊಳ್ಳುವುದೆಂದು ತೋರಿಸಿದ್ದನು. ಈ ಸಂಯೋಗದಲ್ಲಿ ಜನಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ಲಿನ ಆಯುಸ್ಸು ಕ್ಷಣಾರ್ಧಕ್ಕಿಂತಲೂ ಕಡಿಮೆ. ಇದ್ದಷ್ಟು ಹೊತ್ತು ಎದುರಾದ ಸಾವಯವ ಬಂಧವನ್ನು ಕಡಿಯದೆ ಬಿಡದು. ಶಿಲೀಂಧ್ರದ ತಂತುಗಳು ಆಕ್ಸಾಲಿಕ್ ಆಮ್ಲವನ್ನು ಸ್ರವಿಸಿ ಸುತ್ತಲ ಕಬ್ಬಿಣವನ್ನು ಕರಗಿಸಿಕೊಂಡು, ತಾವೇ ತಯಾರಿಸಿದ ಕಿರಿಯ ಫೀನಾಲಿಕ್ ದ್ರವ್ಯಗಳ ಸಹಾಯದಿಂದ ಅದನ್ನು ಕೋಶಭಿತ್ತಿಯೊಳಗೆ ಫೆರಸ್ ಸ್ಥಿತಿಗೆ ಇಳಿಸಿ, ತಮಗೆ ತಟ್ಟದಷ್ಟು ದೂರದಲ್ಲಿ ಈ ದಹನವನ್ನು ನಡೆಸುವುವು. ಭಿತ್ತಿಯು ಸಡಿಲಗೊಂಡ ಮೇಲೆ ಕಿಣ್ವಗಳು ಬಂದು ಸಕ್ಕರೆಯನ್ನು ಬಿಡಿಸಿಕೊಡುವುವು. ಈ ವಿವರಣೆಗೆ 1997ರಲ್ಲಿ ವ್ಯವಸ್ಥಿತ ರೂಪವನ್ನು ಕೊಟ್ಟವರು ಬ್ಯಾರಿ ಗುಡೆಲ್ ಮತ್ತು ಅವರ ಸಂಗಡಿಗರು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದರಿಂದ ಹೊರಡುವ ಒಂದು ಪರಿಣಾಮವನ್ನು. ಸೆಲ್ಯುಲೋಸಿನ ಸರಪಣಿಯನ್ನು ನಡುನಡುವೆ ಕತ್ತರಿಸಿದರೆ ಅದರ ದ್ರವ್ಯವು ಅಲ್ಲಿಯೇ ಉಳಿದಿದ್ದರೂ ಬಲವು ಹೋಯಿತು. ಆದುದರಿಂದ ತೂಕವು ಶೇಕಡಾ 5ರಿಂದ 10ರಷ್ಟು ಇಳಿಯುವ ಹೊತ್ತಿಗೆ, ಬಣ್ಣವಿನ್ನೂ ಸರಿಯಾಗಿ ಮಾಸದೆ ಇರುವಾಗಲೇ, ಆಘಾತವನ್ನು ತಡೆಯುವ ಶಕ್ತಿಯು ಅರ್ಧಕ್ಕೂ ಮಿಕ್ಕಿ ಕಳೆದಿರುತ್ತದೆ. ಕಣ್ಣಿಗೆ ಗಟ್ಟಿಯೆಂದು ತೋರುವ ತೊಲೆಯನ್ನು ನಂಬುವ ಶಿಲ್ಪಿಯು ಇಲ್ಲಿಯೇ ಮೋಸಹೋಗುವನು.

ರಕ್ಷಣೋಪಾಯಗಳಲ್ಲಿ ಭಾರತದ ಪಾಲು ಸಣ್ಣದಲ್ಲ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ನರು 1933ರಲ್ಲಿ ರೂಪಿಸಿದ ತಾಮ್ರ, ಕ್ರೋಮಿಯಮ್, ಆರ್ಸೆನಿಕ್ಕುಗಳ ಮಿಶ್ರಣವು ಜಗತ್ತಿನಲ್ಲೆಲ್ಲ ಪ್ರಚಾರಕ್ಕೆ ಬಂದಿತು. ತಾಮ್ರವೊಂದೇ ಸಾಲದೇ ಎಂದರೆ, ಸಾಲದು: ಹಿಂದೆ ಹೇಳಿದ ಆಕ್ಸಾಲಿಕ್ ಆಮ್ಲದಿಂದಲೇ ಕೆಲವು ಕಂದುಕೊಳೆಗಳು ತಾಮ್ರವನ್ನು ಕರಗದ ಆಕ್ಸಲೇಟಾಗಿ ಮಾಡಿ ವಿಷವನ್ನು ಕಟ್ಟಿಹಾಕುವುವು. ಆರ್ಸೆನಿಕ್ಕಿನ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ವಾಸದ ಮನೆಗಳ ಬಹುತೇಕ ಉಪಯೋಗಗಳಿಂದ ಈ ಮಿಶ್ರಣವನ್ನು ಹಿಂತೆಗೆದುಕೊಳ್ಳಲಾಯಿತು. ಮರದ ಹುಡಿಯನ್ನು ಪಾಲಿಎಥಿಲೀನಿನಲ್ಲಿ ಬೆರೆಸಿ ಎರೆದ ಸಂಯೋಜಿತ ಹಲಗೆಗಳಿಗೆ ಇದರಿಂದಲೂ ಗಿರಾಕಿ ಹೆಚ್ಚಿತು.

ಪ್ರತಿಯೊಂದು ಕಣವನ್ನೂ ಪ್ಲಾಸ್ಟಿಕ್ಕು ಆವರಿಸಿರುವುದರಿಂದ ಕೊಳೆತಕ್ಕೆ ಎಡೆಯೇ ಇಲ್ಲವೆಂದು ಮೊದಮೊದಲು ನಂಬಿದ್ದರು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಉದ್ಯಾನದಲ್ಲಿ ಅಂಥ ಹಲಗೆಗಳ ಕಾಲುದಾರಿಯ ಮೇಲೆಯೇ ಶಿಲೀಂಧ್ರಗಳು ಬೆಳೆದಿದ್ದುದನ್ನು ಮಾರಿಸ್ ಮತ್ತು ಕೂಪರ್ ಎಂಬವರು 1998ರಲ್ಲಿ ಪ್ರಕಟಿಸಿದರು. ಮರದ ಅಂಶವು ಅರ್ಧವನ್ನು ಮೀರಿದಾಗ ಕಣಕ್ಕೆ ಕಣವು ತಾಗಿ ನೀರಿಗೆ ದಾರಿಯಾಗುವುದು. ನೀರು ಮೆಲ್ಲಗೆ ಹೊಕ್ಕು, ಕಣಗಳು ಉಬ್ಬಿ, ಅವಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಬಿರುಕು ಬಿಟ್ಟು, ಮೇಲ್ಪದರವು ಬಹುದಿನ ಒದ್ದೆಯಾಗಿಯೇ ನಿಲ್ಲುವುದು. 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭಗೊಂಡು ಈಗ ಕಾಷ್ಠವಿಜ್ಞಾನದ ಸಂಸ್ಥೆಯಾಗಿರುವಲ್ಲಿಯೂ ಇಂಥ ವಸ್ತುಗಳ ಕೆಲಸ ನಡೆದಿದೆಯಾದುದರಿಂದ, ಪರೀಕ್ಷಾಕ್ರಮದ ಬಗ್ಗೆ ಒಂದು ಮಾತನ್ನು ಸೇರಿಸುವೆನು. ಮಣ್ಣು ತುಂಬಿದ ಸೀಸೆಯಲ್ಲಿ ಕೆಲವು ವಾರ ಇಟ್ಟು ತೂಕದ ನಷ್ಟವನ್ನು ಅಳೆಯುವ ರೂಢಿಯು ಬರಿಯ ಮರಕ್ಕಾಗಿ ಹುಟ್ಟಿದ್ದು. ಆ ಅವಧಿಯಲ್ಲಿ ಸಂಯೋಜಿತ ತುಂಡು ಕೊಳೆಯುವಷ್ಟು ನೀರನ್ನೇ ಹೀರಿರುವುದಿಲ್ಲ. ಹೀರಿ ಶೇಕಡಾ 10 ತೂಕವನ್ನು ಕಳೆದುಕೊಂಡರೂ, ಪ್ಲಾಸ್ಟಿಕ್ಕು ಕೊಳೆಯದಾದುದರಿಂದ, ಅರ್ಧ ಮರವಿರುವ ತುಂಡಿನಲ್ಲಿ ಅದು ಮರದ ಐದನೆಯ ಒಂದು ಭಾಗದ ನಾಶ. ಮೊದಲು ನೆನೆಸಿ, ಶಿಲೀಂಧ್ರಕ್ಕೆ ಒಡ್ಡಿ, ಬಳಿಕ ಬಗ್ಗಿಸಿ ಮುರಿದು ನೋಡತಕ್ಕದ್ದು. ನೀರೊಂದೇ ಹಲಗೆಯನ್ನು ಮೆದುಗೊಳಿಸುವುದರಿಂದ, ಶಿಲೀಂಧ್ರವಿಲ್ಲದೆ ಅಷ್ಟೇ ಕಾಲ ನೆನೆದ ಜೊತೆತುಂಡೊಂದನ್ನು ಹೋಲಿಕೆಗಾಗಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು.