ಅಮಾವಾಸ್ಯೆ ಕಾರಣ ಅಲ್ಲ



ಇವತ್ತು ಮೂರ್ಛೆ ರೋಗದ ಬಗ್ಗೆ ಮಾತಾಡೋಣ. ನಾವು ಫಿಟ್ಸ್ ಅಂತೀವಲ್ಲ, ಅದೇ.

ನಾನು ನರ್ಸ್ ಆಗಿದ್ದ ಊರಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ಅವಳಿಗೆ ತಿಂಗಳಿಗೊಮ್ಮೆ ಫಿಟ್ಸ್ ಬರುತ್ತಿತ್ತು. "ಅಮಾವಾಸ್ಯೆ ಹತ್ತಿರ ಬಂತು, ಗಾಳಿ ಮೆಟ್ಟಿಕೊಂಡಿದೆ" ಅಂದರು ಮನೆಯವರು. ತಾಯಿತ ಕಟ್ಟಿಸಿದರು. ಕೋಳಿ ಕೊಟ್ಟರು. ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ: "ನೀನು ಮುಟ್ಟಾಗೋದು ಯಾವಾಗವ್ವ?" ಅವಳು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಫಿಟ್ಸ್ ಬಂದ ಮಾರನೇ ದಿನ ಆಗ್ತೀನಿ ಸಿಸ್ಟರ್. ಹೆಚ್ಚು ಸಲ ಹಂಗೇ." ಇದನ್ನು ಯಾರೂ ಕೇಳಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ.

ಇದು ಹೇಗೆ ಆಗುತ್ತೆ? ನಮ್ಮ ಮೆದುಳಿನಲ್ಲಿ ಸಣ್ಣ ವಿದ್ಯುತ್ ಸದಾ ಹರಿಯುತ್ತಾ ಇರುತ್ತೆ. ಅದು ಒಮ್ಮೆಲೇ ಹದ ತಪ್ಪಿದರೆ ಫಿಟ್ಸ್ ಬರುತ್ತೆ. ದೆವ್ವ ಅಲ್ಲ, ಶಾಪ ಅಲ್ಲ.

ಹೆಂಗಸರ ಅಂಡಾಶಯದಲ್ಲಿ ಹಾರ್ಮೋನುಗಳು ಹುಟ್ಟುತ್ತವೆ. ಹಾರ್ಮೋನು ಅಂದರೆ ರಕ್ತದ ಜೊತೆ ಹರಿದು ಮೈಗೆ ಸುದ್ದಿ ತಲುಪಿಸುವ ರಸ. ಒಂದರ ಹೆಸರು ಈಸ್ಟ್ರೋಜನ್. ಇನ್ನೊಂದು ಪ್ರೊಜೆಸ್ಟರಾನ್. ಹೆಸರು ಮರೆತರೂ ಚಿಂತೆ ಇಲ್ಲ, ಕೆಲಸ ತಿಳಿದರೆ ಸಾಕು. ಇವು ಗರ್ಭಕೋಶಕ್ಕೆ ಮಾತ್ರ ಅಲ್ಲ, ಮೆದುಳಿಗೂ ಹೋಗುತ್ತವೆ. ಈಸ್ಟ್ರೋಜನ್ ಮೆದುಳನ್ನು ಕೆರಳಿಸುತ್ತೆ. ಪ್ರೊಜೆಸ್ಟರಾನ್ ತಣ್ಣಗಿಡುತ್ತೆ. ಮುಟ್ಟಿಗೆ ಸ್ವಲ್ಪ ಮುಂಚೆ ಪ್ರೊಜೆಸ್ಟರಾನ್ ಇಳಿದುಹೋಗುತ್ತೆ. ಒಲೆ ಮೇಲಿನ ಹಾಲಿಗೆ ನಾವು ನೀರು ಚಿಮುಕಿಸ್ತೀವಿ. ಆ ಕೈ ಹಿಂದೆ ಸರಿದರೆ? ಹಾಲು ಉಕ್ಕುತ್ತೆ. ಹಾಗೆ ಇದು. ಕೆಲವರಿಗೆ ತಿಂಗಳ ನಡುವೆ, ಈಸ್ಟ್ರೋಜನ್ ಏರಿದಾಗ ಬರುತ್ತೆ.

ಮುಟ್ಟಿನಿಂದ ರೋಗ ಹುಟ್ಟಲ್ಲ. ರೋಗ ಇದ್ದವರಿಗೆ ಆ ದಿನಗಳಲ್ಲಿ ಜಾಸ್ತಿ ಆಗುತ್ತೆ, ಅಷ್ಟೆ. ಅದೂ ಎಲ್ಲರಿಗೂ ಅಲ್ಲ. ಫಿಟ್ಸ್ ಇರುವ ಹೆಂಗಸರಲ್ಲಿ ಸುಮಾರು 3 ಜನರಲ್ಲಿ ಒಬ್ಬರಿಗೆ.

ನಿಮ್ಮ ಮನೆ ಗೋಡೆಗೆ ಕ್ಯಾಲೆಂಡರ್ ಇದೆಯಲ್ಲ? ಈಗ ನಿಮಗೆ ಬರೆಯಲು ಬರುತ್ತೆ. ಮುಟ್ಟಾದ ದಿನ "ಮು" ಅಂತ ಬರೆಯಿರಿ. ಫಿಟ್ಸ್ ಬಂದ ದಿನ "ಫಿ" ಅಂತ ಬರೆಯಿರಿ. ಮನೆಯ ಗಂಡಸರು ನೋಡಿದರೆ ನೋಡಲಿ. 3 ತಿಂಗಳು ಬರೆದು ಡಾಕ್ಟರಿಗೆ ತೋರಿಸಿ. ಬಾಯಲ್ಲಿ ಹೇಳಲು ನಾಚಿಕೆ ಆದರೆ ಆ ಹಾಳೆಯೇ ಹೇಳುತ್ತೆ. ಕೆಲವರಿಗೆ ಡಾಕ್ಟರು ಆ ದಿನಗಳಲ್ಲಿ ಮಾತ್ರೆ ಹೆಚ್ಚಿಸುತ್ತಾರೆ. ನೀವೇ ಹೆಚ್ಚಿಸಬೇಡಿ.

ಇನ್ನೊಂದು ಮಾತು. ಕೆಲವು ಫಿಟ್ಸ್ ಮಾತ್ರೆಗಳು ಗರ್ಭ ತಡೆಯುವ ಗುಳಿಗೆಯ ಶಕ್ತಿ ಕುಂದಿಸುತ್ತವೆ. ವಾಲ್ಪ್ರೊಯೇಟ್ ಎಂಬ ಮಾತ್ರೆಯಿಂದ ಹೊಟ್ಟೆಯ ಮಗುವಿಗೆ ತೊಂದರೆ ಆಗಬಹುದು. ಆದ್ದರಿಂದ ಮಗು ಬೇಕು ಅನ್ನಿಸಿದಾಗಲೇ ಡಾಕ್ಟರನ್ನು ಕೇಳಿ. ಬಸಿರಾದೆ ಅಂತ ಹೆದರಿ ಯಾವ ಮಾತ್ರೆಯನ್ನೂ ತಟ್ಟನೆ ನಿಲ್ಲಿಸಬೇಡಿ. ಫಿಟ್ಸ್ ಇರುವ ಬಹಳ ಜನ ತಾಯಂದಿರು ಆರೋಗ್ಯವಾದ ಮಕ್ಕಳನ್ನು ಹೆತ್ತಿದ್ದಾರೆ.

ರೋಗ ಮುಚ್ಚಿಟ್ಟು ಮದುವೆ ಮಾಡುವವರೂ ಇದ್ದಾರೆ. ಹೆಣ್ಣು ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕು. ಒಂದು ದಿನ ತಪ್ಪಿದರೆ ಫಿಟ್ಸ್. ಹಿಂದೂ ವಿವಾಹ ಕಾಯ್ದೆಯಲ್ಲಿ ಈ ರೋಗ ಮದುವೆಗೆ ಅಡ್ಡಿಯಾಗಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಕಾಯ್ದೆ ಬಿಟ್ಟರೂ ಜನ ಬಿಟ್ಟಿಲ್ಲ.

ಆ ಹೆಣ್ಣುಮಗಳು ಕ್ಯಾಲೆಂಡರ್ ಹಿಡಿದು ಡಾಕ್ಟರ ಹತ್ತಿರ ಹೋದಳು. ಅವರು ಮಾತ್ರೆ ಬದಲಿಸಿದರು. ಪೂರ್ತಿ ನಿಂತಿಲ್ಲ, ಆದರೆ ಬಹಳ ಕಡಿಮೆ ಆಗಿದೆ. ತಾಯಿತ ಇನ್ನೂ ಕಟ್ಟಿಕೊಂಡಿದ್ದಾಳೆ. ಇರಲಿ ಬಿಡಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲ್ಲ.